ಗೇರ್‌ಬಾಕ್ಸ್ ಪಿಗ್ಮಿ

ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಕಾರು ಕೊಂಡವನಿಗೆ ಯಾರೂ ಅದರ ಬಣ್ಣ ಕೇಳುವುದಿಲ್ಲ, ಏರ್‌ಬ್ಯಾಗ್ ಎಷ್ಟಿವೆ ಅಂತಲೂ ಕೇಳುವುದಿಲ್ಲ. ಹಾಲಿನವನಿಂದ ಹಿಡಿದು ಲಿಂಬಿಹಣ್ಣಿನ ದಲಾಲರ ತನಕ ಎಲ್ಲರದೂ ಒಂದೇ ಪ್ರಶ್ನೆ: "ಎವರೇಜ್ ಎಷ್ಟ ಕೊಡತದ್ರಿ ಸರ?" ಲೀಟರಿಗೆ ಇಪ್ಪತ್ತು ಕಿಲೋಮೀಟರಿನ ಮೇಲೆ ಹೇಳಿದರೆ ಮುಖ ಅರಳುತ್ತದೆ. ಹದಿನೈದು ಅಂದರೆ, "ಎ.ಸಿ. ಹಾಕತೀರಲ್ಲ, ಅದಕ್ಕ" ಎಂದು ಅವರೇ ಸಮಾಧಾನ ಹೇಳುತ್ತಾರೆ. ಅದಕ್ಕೂ ಕೆಳಗಿಳಿದರೆ ಮಾತು ನಿಲ್ಲುತ್ತದೆ. ಮನೆಯಲ್ಲಿ ಹಿರಿಯರಿಗೆ ಆರಾಮಿಲ್ಲವೆಂದು ತಿಳಿದವರ ಹಾಗೆ ಭುಜದ ಮೇಲೆ ಕೈಯಿಟ್ಟು ಹೋಗಿಬಿಡುತ್ತಾರೆ.

ನನ್ನದು ಹತ್ತೋ ಹನ್ನೊಂದೋ ಕೊಡುತ್ತದೆ. ಹೊರಗೆ ಹೇಳುವುದು ಹದಿನಾಲ್ಕು. ಮನೆಯೊಳಗೆ ಹದಿನಾರು. ಪರೀಕ್ಷೆ ಮಾಡಿದ ಎಆರ್‌ಎಐ ಸಂಸ್ಥೆಯ ಲೆಕ್ಕದಲ್ಲಿ ಹದಿನೇಳು ಚಿಲ್ಲರೆ ಇದೆ. ಅಂದರೆ ಸುಳ್ಳಿನಲ್ಲಿ ನಾನು ಇನ್ನೂ ಸರಕಾರಿ ಮಟ್ಟ ಮುಟ್ಟಿಲ್ಲ.

ಕಾರು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 2013ರಲ್ಲಿ ಇದು ಮಾರುಕಟ್ಟೆಗೆ ಬಂದಾಗ ವೇಗದ ಹುಚ್ಚಿದ್ದ ಮಧ್ಯಮ ವರ್ಗದ ಹುಡುಗರಿಗೆ ನಿದ್ದೆ ಹತ್ತಿರಲಿಲ್ಲ. 1197 ಸಿಸಿಯ ಸಣ್ಣ ಎಂಜಿನ್ನು, ಅದರ ಬೆನ್ನಿಗೆ ಟರ್ಬೊ, 105 ಅಶ್ವಶಕ್ತಿ, ತಾನೇ ಬದಲಾಗುವ ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆ. ನಿಂತಲ್ಲಿಂದ ನೂರರ ವೇಗ ಮುಟ್ಟಲು 9.7 ಸೆಕೆಂಡು ಎಂದು ಕಂಪನಿ ಹೇಳಿತ್ತು. ಪುಣೆಯ ಮಗ್ಗುಲಿನ ಚಾಕಣದಲ್ಲಿ ತಯಾರಾಗುತ್ತಿದ್ದ ಪೋಲೋ 2022ರಲ್ಲಿ ನಿಂತೇಹೋಯಿತು. ನಿಂತ ಮೇಲೆ ಭಕ್ತರು ಹೆಚ್ಚಾದರು, ಹಳೇ ಗಾಡಿಯ ಬೆಲೆ ಇಳಿಯುವುದನ್ನು ಮರೆಯಿತು. ದುಬೈ ಕಡೆಯವರು ಇದನ್ನೆಲ್ಲ ಪರ್ಫಾರ್ಮೆನ್ಸ್ ಕಾರು ಅಂದರೆ ನಕ್ಕಾರು. ನಗಲಿ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗ 105 ಕುದುರೆಯಾದರೇನು, 500 ಕುದುರೆಯಾದರೇನು?

"ಇದ ರೊಕ್ಕಕ್ಕ ಡೀಸೆಲ್ ಡಿಸೈರ್ ಬರತಿತ್ತು" ಎಂದರು ಅಣ್ಣ. ನಮ್ಮ ಅಣ್ಣನ ಪ್ರಕಾರ ಜಗತ್ತಿನ ಯಾವ ವಸ್ತುವಿನ ರೊಕ್ಕಕ್ಕೂ ಡೀಸೆಲ್ ಡಿಸೈರ್ ಬರುತ್ತದೆ.

ಗಾಡಿ ಬಂದದ್ದು ಪುಣೆಯಿಂದ, ಎಂಎಚ್-12 ನಂಬರಿನಲ್ಲಿ. ಇಂಡಿಯಲ್ಲಿ ಮಹಾರಾಷ್ಟ್ರದ ನಂಬರು ಯಾರ ಕಣ್ಣಿಗೂ ಬೀಳುವುದಿಲ್ಲ. ಅರ್ಧ ಊರು ಚಾದರಕ್ಕೆ, ದವಾಖಾನೆಗೆ, ಮದುವೆಯ ಬಟ್ಟೆಗೆ ಅಂತ ಸೊಲ್ಲಾಪುರಕ್ಕೆ ಅಡ್ಡಾಡುತ್ತಿರುತ್ತದೆ. ಕಾನೂನಿಗೆ ಮಾತ್ರ ಕಣ್ಣಿದೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ದಾಟಿ ಉಳಿದರೆ ಇಲ್ಲಿನ ನಂಬರು ಹಾಕಿಸಲೇಬೇಕು. ಅಲ್ಲಿಂದ ಎನ್‌ಒಸಿ ತರಬೇಕು, ಒಮ್ಮೆ ಅಲ್ಲಿ ಜೀವಾವಧಿ ತೆರಿಗೆ ಕಟ್ಟಿದ ಗಾಡಿಗೆ ಇಲ್ಲಿ ಮತ್ತೆ ಕಟ್ಟಬೇಕು. ಕರ್ನಾಟಕದಲ್ಲಿ ಗಾಡಿಗೆ ವಯಸ್ಸಾದಷ್ಟೂ ಈ ತೆರಿಗೆ ಕಡಿಮೆಯಾಗುತ್ತ ಹೋಗುತ್ತದೆ. ಮುದಿತನಕ್ಕೆ ರಿಯಾಯಿತಿ ಸಿಗುವ ಜಾಗಗಳು ಕಡಿಮೆ, ಇದೊಂದು ಇರಲಿ. ಕೆಎ-28 ಫಲಕ ಬಿದ್ದ ದಿನ ಮನೆಯವರು ಅದಕ್ಕೆ ಕುಂಕುಮ ಹಚ್ಚಿದರು, ನಾನು ರಸೀದಿಗಳನ್ನು ಕೂಡಿಸುತ್ತ ಕೂತೆ. ಥರ್ಡ್ ಪಾರ್ಟಿ ವಿಮೆಯೊಂದೇ ಸಸ್ತಾ ಅನ್ನಿಸಿದ್ದು. 2022ರ ದರಪಟ್ಟಿಯಲ್ಲಿ 1000ದಿಂದ 1500 ಸಿಸಿವರೆಗೆ ವರ್ಷಕ್ಕೆ 3,416 ರೂಪಾಯಿ, ಮೇಲೆ ಜಿಎಸ್‌ಟಿ. 1500 ದಾಟಿದರೆ 7,897. ಸಣ್ಣ ಎಂಜಿನ್ನಿಗೆ ಟರ್ಬೊ ಕಟ್ಟಿದ ಜರ್ಮನ್ ಜಾಣತನದಿಂದ ನನಗಾದ ಲಾಭ ಇಷ್ಟೇ.

ಇನ್ನು ಓಡಿಸುವ ಮಾತು. ನನ್ನ ಮನೆ ಇಂಡಿಯಲ್ಲಿ, ಅಕ್ಕನದು ಸಿಂದಗಿಯಲ್ಲಿ, ಮಾವನವರದು ಮುದ್ದೇಬಿಹಾಳದ ಹತ್ತಿರ, ನಡೆದುಕೊಳ್ಳುವ ದೇವರು ಬಸವನ ಬಾಗೇವಾಡಿಯಲ್ಲಿ. ಈ ನಾಲ್ಕೂ ಊರಿನ ನಡುವೆ ಕಾರಿನ ಪೂರ್ತಿ ಶಕ್ತಿ ತೋರಿಸಲು ಸಿಗುವ ಜಾಗ ಒಂದೇ. ಅದು 50ನೇ ರಾಷ್ಟ್ರೀಯ ಹೆದ್ದಾರಿ ವಿಜಯಪುರ ಬಿಟ್ಟು ಹುನಗುಂದದ ಕಡೆ ನಾಲ್ಕು ಪಥದಲ್ಲಿ ಮಲಗಿರುವ ತುಂಡು. ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಕೇಂದ್ರ 2018ರಲ್ಲಿ ಗೊತ್ತು ಮಾಡಿದ ಮಿತಿ ಗಂಟೆಗೆ 100 ಕಿಲೋಮೀಟರ್. ಈ ಗಾಡಿ ಅದನ್ನು ಮುಟ್ಟಲು 9.7 ಸೆಕೆಂಡು ಸಾಕು. ಹತ್ತನೇ ಸೆಕೆಂಡಿಗೆ ಕಾನೂನು ಮುಗಿಯಿತು. ಮುಂದಿನ ಹಾದಿಯೆಲ್ಲ ಟೋಲು ಕಟ್ಟಿಕೊಂಡು, ಡೀಸೆಲ್ ಡಿಸೈರ್ ಹೋಗುವ ವೇಗದಲ್ಲೇ ಹೋಗಬೇಕು.

ಹೆದ್ದಾರಿ ಬಿಟ್ಟರೆ ಎರಿ ಭೂಮಿ. ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಮೇಲೆ ಹಾಕಿದ ಡಾಂಬರು ಎರಡೇ ವರ್ಷಕ್ಕೆ ತೆರೆತೆರೆಯಾಗಿ ಏಳುತ್ತದೆ. ಹಿಂದಿನ ಮಾಲೀಕ ಪುಣೆಯಲ್ಲಿ ಶೋಕಿಗೆ ಅಗಲವಾದ ಅಲಾಯ್ ಗಾಲಿ, ತೆಳ್ಳನೆ ಟೈರು ಹಾಕಿಸಿದ್ದ. ಆ ಟೈರಿನ ಒಂದು ಪಕ್ಕ ಬೆರಳಿನಷ್ಟು ಉಬ್ಬಿದರೆ ಟೈರು ಮುಗಿದ ಹಾಗೆ. ಪಂಕ್ಚರ್ ಅಂಗಡಿಯ ಹುಡುಗ ಅದನ್ನು ಒತ್ತಿ ನೋಡಿ, "ಬಾವು ಬಂದದ್ರಿ" ಅನ್ನುತ್ತಾನೆ. ಊರಿಗೆರಡು ರೋಡ್ ಹಂಪು. ಸುಗ್ಗಿಯಲ್ಲಿ ರಸ್ತೆಯೇ ಕಣ: ತೊಗರಿ, ಕಡಲಿ, ಸದಕ, ಏನು ಬೇಕಾದರೂ ಹಾಸಿರುತ್ತಾರೆ. ಎತ್ತರದ ಜೀಪು ಹಾಯ್ದರೆ ರೈತನ ಕೆಲಸ ಆಗುತ್ತದೆ. ನನ್ನದು ಹಾಯ್ದರೆ ಹೊಟ್ಟೆಲ್ಲ ಕೆಳಗಿನ ಕಾದ ಕೊಳವೆಗೆ ಸುತ್ತಿಕೊಳ್ಳುತ್ತದೆ, ಅದಕ್ಕೆ ಬೆಂಕಿ ಹತ್ತೀತೆಂಬ ಭಯ. ನಾನು ಇಳಿದು, ಮೊಳಕಾಲೂರಿ, ಕೈಹಾಕಿ ಎಳೆಯುತ್ತಿದ್ದರೆ ಕಣದ ಅಜ್ಜಿ ನೀರಿನ ತಂಬಿಗೆ ಹಿಡಿದು ಬಂದು ಮರುಗುತ್ತಾಳೆ: "ಇಷ್ಟ ಗಿಡ್ಡಂದು ಯಾಕ ತಂದಿಯೋ ಯಪ್ಪಾ?"

ಕಬ್ಬಿನ ಹಂಗಾಮು ಬಂತೆಂದರೆ ಮರಗೂರಿನ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು. ಹಿಂದೆ ದೀಪವಿಲ್ಲ, ಮುಂದೆ ಹಾಡು ಜೋರು. ಅವುಗಳ ಬೆನ್ನು ನೋಡುತ್ತ ತೆವಳುವಾಗ ನನಗೊಂದು ಲೆಕ್ಕ ಹೊಳೆಯಿತು. ದೇಶದಲ್ಲಿ ಕಬ್ಬಿನಿಂದ, ಮೆಕ್ಕೆಜೋಳದಿಂದ ಎಥೆನಾಲ್ ಆಗುತ್ತದೆ. ಈಗ ಪೆಟ್ರೋಲಿನಲ್ಲಿ ಅದರ ಪಾಲು ನೂರಕ್ಕೆ 20. ಹಳೇ ಕಾರುಗಳಿಗೆ ಇದರಿಂದ ನೂರಕ್ಕೆ 6-7ರಷ್ಟು ಎವರೇಜ್ ಬೀಳಬಹುದೆಂದು ನೀತಿ ಆಯೋಗದ 2021ರ ವರದಿಯೇ ಬರೆದಿತ್ತು. ಹೀಗಾಗಿ ಕಬ್ಬು ನನ್ನನ್ನು ರಸ್ತೆಯಲ್ಲಿ ಒಮ್ಮೆ ತಡೆಯುತ್ತದೆ, ಟ್ಯಾಂಕಿನಲ್ಲಿ ಇನ್ನೊಮ್ಮೆ. ನಮ್ಮದೂ ಎರಡೆಕರೆ ಕಬ್ಬಿರುವುದರಿಂದ ಯಾರನ್ನೂ ಬೈಯುವಂತಿಲ್ಲ.

ಖರ್ಚಿನಲ್ಲಿ ದೊಡ್ಡದು ಪೆಟ್ರೋಲಲ್ಲ, ಹೆದರಿಕೆ. ಈ ಗಾಡಿಯ ಡಿಎಸ್‌ಜಿ ಪೆಟ್ಟಿಗೆಯೊಳಗೆ ಎರಡು ಒಣ ಕ್ಲಚ್ಚು ಇರುತ್ತವೆ. ಒಂದು ಈಗಿನ ಗೇರು ಹಿಡಿದಿದ್ದರೆ ಇನ್ನೊಂದು ಮುಂದಿನದಕ್ಕೆ ಕಾದಿರುತ್ತದೆ, ಅದಕ್ಕೇ ಗೇರು ಬದಲಾದದ್ದು ಗೊತ್ತೇ ಆಗುವುದಿಲ್ಲ. ಎಣ್ಣೆಯಲ್ಲಿ ಮುಳುಗಿರದ ಈ ಕ್ಲಚ್ಚುಗಳು ಇಂಚಿಂಚು ತೆವಳುವ ಕಡೆ ಜಾರುತ್ತ ಜಾರುತ್ತ ಕಾಯುತ್ತವೆ. ಇದರ ಅಣ್ಣತಮ್ಮಂದಿರ ತಕರಾರಿಗೆ 2013ರಲ್ಲಿ ಚೀನಾದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಗಾಡಿ ವಾಪಸು ಕರೆಸಿಕೊಂಡಿದ್ದರಂತೆ ಎಂದು ಓದಿದ ರಾತ್ರಿಯಿಂದ ನನಗೆ ನಿದ್ದೆ ತೆಳುವಾಯಿತು. ನನ್ನ ಪೆಟ್ಟಿಗೆ ಇವತ್ತಿನವರೆಗೂ ಗಟ್ಟಿಮುಟ್ಟಾಗಿದೆ, ತಕರಾರಿಲ್ಲ. ಅದೇ ಹೆದರಿಕೆ. ಕೆಟ್ಟರೆ ಲಕ್ಷದ ಮಾತು, ಬಿಚ್ಚಬಲ್ಲವನನ್ನು ಹುಡುಕಿಕೊಂಡು ಹುಬ್ಬಳ್ಳಿಗೋ ಪುಣೆಗೋ ಹೋಗಬೇಕು.

ಶ್ರಾವಣ ಸೋಮವಾರ ಬಾಗೇವಾಡಿಯ ಬಸವೇಶ್ವರ ಗುಡಿಗೆ ಹೋಗುವಾಗ ಈ ಭಯಕ್ಕೆ ಕೈಕಾಲು ಬರುತ್ತವೆ. ಬಲ್ಲವರ ಸಲಹೆ ಏನೆಂದರೆ, ತೆವಳಬಾರದು. ನ್ಯೂಟ್ರಲ್ಲಿಗೆ ಹಾಕಿ ನಿಂತು, ಮುಂದೆ ಜಾಗ ಬಿಟ್ಟುಕೊಂಡು, ಒಮ್ಮೆಲೇ ಸರಿಯಬೇಕು. ನಾನು ಶಾಸ್ತ್ರಬದ್ಧವಾಗಿ ಜಾಗ ಬಿಡುತ್ತೇನೆ. ಆ ಜಾಗಕ್ಕೆ ಒಂದು ಟಂಟಂ ಬಂದು ನಿಲ್ಲುತ್ತದೆ. ಮತ್ತೆ ಬಿಡುತ್ತೇನೆ, ಇನ್ನೊಂದು ಟಂಟಂ. ನನ್ನ ಕ್ಲಚ್ಚಿನ ಆಯುಷ್ಯ ಕಾಯುವ ಪುಣ್ಯದಿಂದ ಬಾಗೇವಾಡಿಯ ಅದೆಷ್ಟು ಟಂಟಂನವರು ದೇವರ ದರ್ಶನ ಬೇಗ ಮುಗಿಸಿದ್ದಾರೋ.

ಕೊನೆಗೆ ಪಿಗ್ಮಿ ತೆಗೆದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆರಡು ಆಣೆ ಕೂಡಿಸಿಕೊಳ್ಳಲು ಈ ಪದ್ಧತಿ ಹಚ್ಚಿದಾಗ ಅವರ ಕಣ್ಣ ಮುಂದಿದ್ದವರು ನೇಕಾರರು, ಕೂಲಿಕಾರರು. ಟರ್ಬೊ ಪೆಟ್ರೋಲ್ ಗಾಡಿಯ ಮಾಲೀಕರು ಇರಲಿಕ್ಕಿಲ್ಲ. ನಮ್ಮ ಓಣಿಯ ಪಿಗ್ಮಿಯವ ದಿನಾ ಸಂಜೆ ಅಂಗಿ ಕಿಸೆಯಿಂದ ಬಾಲ್‌ಪೆನ್ನು ತೆಗೆದು, ಗೇಟಿನ ಮೇಲೆಯೇ ಪುಸ್ತಕವಿಟ್ಟು ಬರೆದುಕೊಳ್ಳುತ್ತಾನೆ.

"ಮಗಳ ಮದುವಿಗೇನ್ರಿ ಸರ?"

"ಅಲ್ಲಪಾ, ಗೇರ್‌ಬಾಕ್ಸಿಗೆ."

ಪೆನ್ನು ನಿಂತಿತು. "ಯಾವಾಗ?"

"ಅದ ಗೊತ್ತಿಲ್ಲ."

"ಮದುವಿ ಆದ್ರ ಒಂದ ತಾರೀಖಾದ್ರೂ ಇರತದಲ್ರಿ" ಎಂದು ಟೋಪಿ ಸರಿಮಾಡಿಕೊಂಡು ಹೋದ.

ಇಷ್ಟರ ನಡುವೆ 2023ರ ಜೂನ್ 11ಕ್ಕೆ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂತು. ಮುದ್ದೇಬಿಹಾಳಕ್ಕೆ ಹೋಗಿ ಬರುವುದೆಂದರೆ ಇನ್ನೂರೈವತ್ತು ಕಿಲೋಮೀಟರಿನ ಮೇಲೆ. ಪೆಟ್ರೋಲು ನೂರು ದಾಟಿದ ಕಾಲಕ್ಕೆ ನನ್ನ ಕಾರಿನಲ್ಲಿ ಎರಡೂವರೆ ಸಾವಿರದ ಆಚೀಚೆ. ಮನೆಯವರು ಆಧಾರ್ ಕಾರ್ಡು ತೋರಿಸಿ, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಶೂನ್ಯ ಟಿಕೆಟು ಹರಿಸಿಕೊಂಡು ತವರಿಗೆ ಹೋಗಿ ಬರುತ್ತಾರೆ. ಆ ಟಿಕೆಟನ್ನು ಎಸೆಯದೆ ತಂದು ಕನ್ನಡಿಯ ಮುಂದೆ ಇಡುತ್ತಾರೆ, ನನಗೆ ಕಾಣಲಿ ಅಂತ. "ನಿಮ್ಮ ಗಾಡಿ ಛಲೋ ಅದರೀ, ಆದ್ರ ಬಸ್ಸಿನ್ಯಾಗ ಕಾಲ ಚಾಚಾಕ ಬರತದ." ಹಿಂದಿನ ಸೀಟಿನ ಬಗ್ಗೆ ಇದಕ್ಕಿಂತ ನೇರವಾದ ವಿಮರ್ಶೆಯನ್ನು ನಾನು ಯಾವ ಮೋಟಾರು ಪತ್ರಿಕೆಯಲ್ಲೂ ಓದಿಲ್ಲ.

ಈ ಗಾಡಿಯ ಕಷ್ಟ ತಿಳಿದವರು ನಾಲ್ಕು ತಾಲೂಕಿನಲ್ಲಿ ಒಬ್ಬರೇ, ನಮ್ಮ ಮಾವ. ಅವರ ದನದ ಮನೆಯಲ್ಲಿ ಓಟದ ಕಿಲಾರಿ ಜೋಡಿಯಿದೆ. ಬಿಳಿ ಮೈ, ಹಿಂದಕ್ಕೆ ಬಾಗಿದ ಉದ್ದನೆ ಕೋಡು. ಹೊಲ ಹರಗುವುದು ಟ್ರ್ಯಾಕ್ಟರು, ಎತ್ತುಗಳು ಗಾಡಿ ಶರ್ಯತ್ತಿಗೆ ಮಾತ್ರ. ನಡುವೆ ಕೆಲವು ವರ್ಷ ಓಟವೇ ಕಾನೂನಿನ ತೊಡಕಿನಲ್ಲಿತ್ತು. ರಾಜ್ಯ 2017ರಲ್ಲಿ ತಿದ್ದುಪಡಿ ತಂದು, 2023ರ ಮೇ 18ಕ್ಕೆ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯುವ ತನಕ ಮಾವ ಎತ್ತಿಗೆ ಒಂದು ಹೊತ್ತಿನ ಹಿಂಡಿಯನ್ನೂ ಕಡಿಮೆ ಮಾಡಿರಲಿಲ್ಲ. ಕಣಿಕಿ ಬರೀ ಬಾಯಾಡಿಸಲಿಕ್ಕೆ. ನಿಜವಾದ ಊಟ ಹತ್ತಿಕಾಳು, ಹಿಂಡಿ, ಹಾಲು, ಮೇಲೆ ತತ್ತಿ. ಮನೆ ಲಿಂಗಾಯತರದಾದ್ದರಿಂದ ತತ್ತಿ ಹಿತ್ತಲ ಬಾಗಿಲಿನಿಂದ ಬಂದು ಎತ್ತಿನ ಹೊಟ್ಟೆ ಸೇರುತ್ತದೆ. ಅತ್ತೆಯವರಿಗೆ ಅದು ಔಷಧ.

ಮಾವ ಎವರೇಜ್ ಕೇಳಲಿಲ್ಲ. ಕಾರನ್ನು ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಕೈಯಾಡಿಸಿ ಕೇಳಿದರು: "ಅಳಿಯಾರ, ಇದು ದುಡೀತದೇನು?"

"ಇಲ್ರಿ ಮಾವಾರ."

"ನಮ್ಮವೂ ದುಡಿಯಂಗಿಲ್ಲ. ಮತ್ತ ಇದಕ್ಕ ಏನೇನ್ ಹಾಕತೀರಿ?"

ಹೇಳಿದೆ. ಪೂರ್ತಿ ಸಿಂಥೆಟಿಕ್ ಎಣ್ಣೆ, ಸಿಕ್ಕ ಕಡೆ 95 ಆಕ್ಟೇನಿನ ತುಟ್ಟಿ ಪೆಟ್ರೋಲು, ನಾಲ್ಕು ಟೈರು. ಅವರು ನಾಲದ ಲೆಕ್ಕ ಬಿಚ್ಚಿದರು. ಎತ್ತಿನ ಗೊರಸು ಎರಡು ಸೀಳು, ಒಂದೊಂದಕ್ಕೂ ಬೇರೆ ನಾಲ, ಜೋಡಿಗೆ ಹದಿನಾರು. "ನಿಮ್ಮವು ನಾಲ್ಕೇ ಅಲ್ಲೇನು, ಆರಾಮ ಇದ್ದೀರಿ" ಎಂದರು. ಕಾರು ಕೊಂಡ ಮೇಲೆ ಮೊದಲ ಬಾರಿ ಯಾರೋ ನನ್ನನ್ನು ಮಿತವ್ಯಯಿ ಎಂದು ಕರೆದದ್ದು.

ಹೆದ್ದಾರಿಗೆ ಕರೆದೊಯ್ದೆ. ಕಾನೂನಿನ ಹತ್ತು ಸೆಕೆಂಡು ಮುಗಿಯಿತು. ಮಾವ ಪಟಗದ ಮೇಲೆ ಒಂದು ಕೈ ಇಟ್ಟುಕೊಂಡು, ಕಣ್ಣು ಮುಚ್ಚಿ ಏನೋ ಕೇಳಿಸಿಕೊಳ್ಳುತ್ತಿದ್ದರು. ಹೊಗಳುತ್ತಾರೆಂದು ಕಾದೆ. "ಎಡಕ್ಕ ಸ್ವಲ್ಪ ಜಗ್ಗತದ ನೋಡ್ರಿ" ಎಂದರು. ವಿಜಯಪುರದಲ್ಲಿ ಅಲೈನ್‌ಮೆಂಟ್ ಯಂತ್ರಕ್ಕೆ ಹತ್ತಿಸಿದಾಗ ತೆರೆಯ ಮೇಲೆ ಎಡಗಾಲಿಯ ಅಂಕಿ ಕೆಂಪಗೆ ಬಂತು. ಆ ಮೇಲೆ ಟೈರು ಸವೆಯುವುದು ಕಡಿಮೆಯಾಗಿದೆ, ಎವರೇಜೂ ಒಂದಿಷ್ಟು ಏರಿದೆ.

ಇಷ್ಟು ಓದಿಯೂ ಇಂಥದೊಂದು ತರುವ ಮನಸ್ಸಿದ್ದರೆ ತನ್ನಿ, ಬೇಡ ಅನ್ನಲಾರೆ. ಗಾಡಿಯನ್ನು ತಣ್ಣಗಿದ್ದಾಗ ಓಡಿಸಿ ನೋಡಿ ಬರಬೇಡಿ. ಪೇಟೆಯ ಗದ್ದಲದಲ್ಲಿ ಅರ್ಧ ತಾಸು ತೆವಳಿಸಿ, ಗೇರು ಬದಲಾಗುವಾಗ ಜಗ್ಗಾಡುತ್ತದೆಯೇ ನೋಡಿ. ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ರೊಕ್ಕ ಎಣಿಸಬೇಡಿ. ಶೋಕಿಯ ಗಾಲಿ ಇದ್ದರೆ ಕಂಪನಿಯ ಹಳೇ ಗಾಲಿಯನ್ನೂ ಕೇಳಿ ಇಸಿದುಕೊಳ್ಳಿ. ಪಿಗ್ಮಿಯನ್ನು ಮಾತ್ರ ಕಾರಿಗಿಂತ ಒಂದು ವರ್ಷ ಮೊದಲೇ ತೆಗೆಯಿರಿ. ಆ ವರ್ಷ ದಿನಾ ಕಟ್ಟುವುದು ಭಾರವಾಯಿತೆಂದರೆ ಅದೇ ರೊಕ್ಕಕ್ಕೆ ಡೀಸೆಲ್ ಡಿಸೈರ್ ಬರುತ್ತದೆ.