ಹ್ಯಾಂಡ್‌ಬ್ರೇಕಿಗಿಂತ ಕಲ್ಲು ವಾಸಿ

ತೀರ್ಥಹಳ್ಳಿ ಕಡೆ ಯಾರ ಮನೆಗಾದರೂ ಹೋಗಿ ನೋಡಿ. ಇಳಿಜಾರು ಜಾಗ, ಅಲ್ಲೊಂದು ಕಾರು, ಕಾರಿನ ಚಕ್ರಕ್ಕೊಂದು ಕಲ್ಲು ಒತ್ತು. ಗಾಡಿ ನಿಲ್ಲಿಸಿಡೋದಕ್ಕೇ ಬೇರೊಂದು ಬ್ರೇಕು ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ, ಕಂಪನಿಯವರು ಮರ್ಯಾದೆಯಿಂದ ಹಾಕಿಯೂ ಕೊಟ್ಟಿರುತ್ತಾರೆ. ಆದರೆ ನಮ್ಮವರ ನಂಬಿಕೆಯೆಲ್ಲ ಕಲ್ಲಿನ ಮೇಲೆ. ಕಲ್ಲಿಗೆ ಕೇಬಲ್ಲಿಲ್ಲ, ಸ್ಪ್ರಿಂಗಿಲ್ಲ, 'ಸರ್, ನಿಮ್ಮ ಕಲ್ಲು ಸರ್ವಿಸಿಗೆ ಬಂದಿದೆ' ಅಂತ ಮಧ್ಯಾಹ್ನದ ನಿದ್ದೆಯಲ್ಲಿ ಫೋನ್ ಮಾಡುವವರೂ ಇಲ್ಲ.

ನಮ್ಮ ಭಾವನಿಗೆ ಮಾತ್ರ ಆ ಕಲ್ಲು ಕಂಡರಾಗದು. "ಎಂಜಿನಿಯರ್ ಅನ್ನೋನು ಲೆಕ್ಕ ಹಾಕಿ ಮಾಡಿಟ್ಟಿದಾನೆ, ನೀವು ಹೋಗಿ ಕಲ್ಲಿಡ್ತೀರಲ್ಲ ಮಾರಾಯ, ನಾಚಿಕೆ ಆಗಲ್ವ?" ಇಂಥವರ ಕಾರಿನ ಲಿವರು ಕರಕರನೆ ಸೂರು ಮುಟ್ಟುವಷ್ಟು ಎದ್ದರೂ ಕಾರು ಮೆಲ್ಲಗೆ ಜಾರತೊಡಗಿತು. ಗ್ಯಾರೇಜಿಗೆ ಹೋದರೆ ಕೇಬಲ್ ಟೈಟ್ ಮಾಡಿ ಕಳಿಸುತ್ತಾರೆ, ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ. "ಸವೆದಿರೋದು ಶೂ, ಕೇಬಲ್ ಎಳೆದು ಏನು ಬಂತು? ನಾನೇ ಬದಲಾಯಿಸ್ತೀನಿ" ಅಂತ ಭಾವ ಘೋಷಿಸಿಬಿಟ್ಟರು.

ಮಾತು ಸರಿಯೇ. ನಮ್ಮ ಸಣ್ಣ ಕಾರುಗಳಲ್ಲಿ ಹಿಂದಿನ ಡ್ರಮ್ಮಿನೊಳಗಿನ ಒಂದೇ ಜೊತೆ ಶೂ ಎರಡು ಯಜಮಾನರಿಗೆ ದುಡಿಯುತ್ತದೆ. ಕಾಲಲ್ಲಿ ಒತ್ತಿದರೆ ಬ್ರೇಕ್ ಆಯಿಲ್ ಅದನ್ನು ಹೊರಕ್ಕೆ ತಳ್ಳುತ್ತದೆ, ಕೈಯಲ್ಲಿ ಎಳೆದರೆ ಕೇಬಲ್ಲು. ಲೈನರ್ ಒಂದು ಒಂದೂವರೆ ಮಿಲಿಮೀಟರಿಗೆ ಇಳಿದ ಮೇಲೆ ಕೇಬಲ್ ಎಷ್ಟು ಬಿಗಿದರೂ ಅಷ್ಟೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಇರುವ ಕೆಲವು ದೊಡ್ಡ ಕಾರುಗಳಲ್ಲಿ ಹಿಂದಿನ ಡಿಸ್ಕಿನ ಹೊಟ್ಟೆಯಲ್ಲೇ ಪುಟ್ಟ ಡ್ರಮ್ಮು, ಅದರಲ್ಲಿ ಹ್ಯಾಂಡ್‌ಬ್ರೇಕಿಗೇ ಮೀಸಲಾದ ಪುಟ್ಟ ಶೂ. ಅದಂತೂ ಖಾಯಂ ಸರ್ಕಾರಿ ನೌಕರಿ. ಗಾಡಿ ನಿಂತಾಗ ಮಾತ್ರ ಡ್ಯೂಟಿ, ಸವೆಯುವ ಮಾತು ಕಮ್ಮಿ. ಕೊನೆಗೆ ತುಕ್ಕು ಹಿಡಿದು ಲೈನರ್ ಕಿತ್ತುಬಂದು ನಿವೃತ್ತಿ.

ಭಾನುವಾರ ಅಡಿಕೆ ಒಣಗಿಸುವ ಸಮತಟ್ಟು ಅಂಗಳದಲ್ಲಿ ಕಾರ್ಯಕ್ರಮ. ಜಾಕಿ ಏರಿತು, ಸ್ಟ್ಯಾಂಡು ಕೂತಿತು, ಚಕ್ರ ಕಳಚಿತು. ಡ್ರಮ್ಮು ಮಾತ್ರ ಜಪ್ಪಯ್ಯ ಅಂದರೂ ಬರಲೊಲ್ಲದು. ಸುತ್ತಿಗೆಯಲ್ಲಿ ತಟ್ಟಿದರು, ಎಣ್ಣೆ ಬಿಟ್ಟರು. ಅಷ್ಟರಲ್ಲಿ ಇಬ್ಬರು ಸಲಹೆಗಾರರು ಹಾಜರು. (ನಮ್ಮೂರಲ್ಲಿ ಜಾಕಿಯ ಸದ್ದಿಗೆ ಕೊನೆಕೊಯ್ಲು ಬಿಟ್ಟಾದರೂ ಜನ ಬರುತ್ತಾರೆ.) ಒಬ್ಬರು ಬೆಂಕಿ ತೋರಿಸಿ ಅಂದರು, ಇನ್ನೊಬ್ಬರು ಹೊಸ ಕಾರೇ ತಗೊಂಡುಬಿಡಿ ಅಂದರು. ಕಾಫಿ ತಂದ ಅಕ್ಕ ಕಾರಿನೊಳಗೆ ಇಣುಕಿ, "ಅಲ್ಲಾ, ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟಿದೀರಲ್ಲ!" ಅಂದಳು.

ಭದ್ರ ಇರಲಿ ಅಂತ ಎಳೆದದ್ದು. ಎಳೆದರೆ ಶೂ ಅಗಲಗೊಂಡು ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ, ಬರುವುದೆಲ್ಲಿಂದ? ಹ್ಯಾಂಡ್‌ಬ್ರೇಕ್ ರಿಪೇರಿಗೆ ಹ್ಯಾಂಡ್‌ಬ್ರೇಕ್ ಬಿಡಲೇಬೇಕು. ಬಿಟ್ಟರೆ ಕಾರು ಹಿಡಿಯೋರು ಯಾರು? ಗೇರಿನಲ್ಲಿಟ್ಟರೆ ಮುಂದಿನ ಚಕ್ರ ನಿಲ್ಲುತ್ತದೆ, ನಿಜ. (ಓಮ್ನಿಯವರು ಆ ಧೈರ್ಯ ಮಾಡಬೇಡಿ; ಅದರ ಗೇರು ಹಿಡಿಯೋದು ಹಿಂದಿನ ಚಕ್ರವನ್ನು, ಅದರಲ್ಲೊಂದು ಗಾಳಿಯಲ್ಲಿದ್ದರೆ ಇನ್ನೊಂದು ಹೇಳಿದ ಮಾತು ಕೇಳುವುದಿಲ್ಲ.) ಗೇರಿನ ಜೊತೆಗೆ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಒತ್ತು ಕೊಡಲೇಬೇಕು. ಭಾವ ಮಾತಾಡದೆ ಎದ್ದು ಕಲ್ಲು ಹುಡುಕಲು ಹೋದರು. ಸಲಹೆಗಾರರು ಮುಖ ಮುಖ ನೋಡಿಕೊಂಡರು.

ಆಮೇಲೆ ಡ್ರಮ್ಮಿನ ಮೇಲಿನ ಎರಡು ಮರೆಯ ತೂತಿಗೆ ಬೋಲ್ಟು ಹಾಕಿ ಸಮಸಮ ತಿರುಗಿಸಿದ್ದೇ ತಡ, ಅದು ತಾನಾಗಿ ಈಚೆ ಬಂತು. ಒಳಗೆ ಕಪ್ಪು ಪುಡಿ. ಉಫ್ ಅಂತ ಊದಲು ಹೋದವರನ್ನು ನಾನೇ ತಡೆದೆ. ಹಳೇ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸೋದೇ ಕ್ಷೇಮ. ಬಟ್ಟೆಗೆ ಭಾವನ ಹಳೇ ಪಂಚೆ ಬಲಿಯಾಯಿತು. ಇನ್ನೊಂದು ಕಡೆಯ ಚಕ್ರ ಮುಟ್ಟಬೇಡಿ, ಯಾವ ಸ್ಪ್ರಿಂಗು ಎಲ್ಲಿ ಅಂತ ನೋಡೋಕೆ ಅದೇ ಮಾದರಿ ಅಂದೆ. ಕೇಳಿದರು. ಆದರೂ ಕಟಿಂಗ್ ಪ್ಲೇಯರಿನಿಂದ ನುಣುಚಿಕೊಂಡ ಮೇಲಿನ ಸ್ಪ್ರಿಂಗು ಸಲಹೆಗಾರರೊಬ್ಬರ ಕಿವಿಯ ಪಕ್ಕದಲ್ಲೇ ಹಾದು ದಾಸವಾಳದ ಬೇಲಿಗೆ ಬಿತ್ತು. ಸಲಹೆ ಅಲ್ಲಿಗೆ ನಿಂತಿತು.

ಹೊಸ ಶೂ ಕೂರಿಸುವಾಗ ಲೈನರಿಗೆ ಗ್ರೀಸಿನ ಕೈ ತಾಕಬಾರದು, ಎಡಬಲದ ಅಡ್ಜಸ್ಟರ್ ಅದಲುಬದಲಾಗಬಾರದು; ಎಷ್ಟೋ ಕಾರುಗಳಲ್ಲಿ ಎರಡರ ಮರೆಯೂ ಒಂದಕ್ಕೊಂದು ವಿರುದ್ಧ. ಮೊದಲು ಒಳಗೆ ಶೂ ಹೊಂದಿಸಿ, ಕೇಬಲ್ ಬಿಗಿಯೋದು ಕಟ್ಟಕಡೆಗೆ. ಈ ಕ್ರಮವನ್ನು ಭಾವ ಗುರುಗಳ ಹಾಗೆ ವಿವರಿಸಿದರು, ಲಿವರು ಐದನೇ ಹಲ್ಲಿಗೇ ಗಟ್ಟಿಯಾಗಿ ನಿಂತಿತು. ಸಂತೋಷಕ್ಕೆ ರಾತ್ರಿ ಜಡಿಮಳೆಯಲ್ಲಿ ಎಳೆದೇ ಬಿಡಲು ಹೊರಟಾಗ ಅಕ್ಕ ತಡೆದಳು. ನೆನೆದ ಶೂ ಡ್ರಮ್ಮಿಗೆ ಅಂಟಿಕೊಂಡರೆ ಬೆಳಿಗ್ಗೆ ಕಾರು ಹೊರಡಲ್ಲ, ಮಳೆಗಾಲದಲ್ಲಿ ಗೇರೂ ಕಲ್ಲೂ ಸಾಕು ಅಂತ ಅವಳ ವಾದ. ಭಾವನ ಬಳಿ ಉತ್ತರ ಇರಲಿಲ್ಲ.

ಹುಮ್ಮಸ್ಸು ಇಳಿಯದೆ ನನ್ನ ಕಾರಿಗೆ ಗಂಟುಬಿದ್ದರು. ನನ್ನದರಲ್ಲಿ ಲಿವರೇ ಇಲ್ಲ, ಬರೀ ಗುಂಡಿ. ಒತ್ತಿದರೆ ಮೋಟಾರೇ ಬ್ರೇಕು ಹಿಡಿಯುತ್ತದೆ, ಬಿಚ್ಚಬೇಕಾದರೆ ಮೊದಲು ಕಂಪ್ಯೂಟರ್ ಹಚ್ಚಿ ಅದಕ್ಕೆ ಅಪ್ಪಣೆ ಕೊಡಬೇಕು ಅಂದೆ. ಭಾವ ಸ್ಪ್ಯಾನರ್ ಒರೆಸಿ ಡಬ್ಬಿಗೆ ಹಾಕುತ್ತಾ, "ಬ್ರೇಕಿಗೂ ಪಾಸ್‌ವರ್ಡಾ? ಮಾರಿಬಿಡು ಮಾರಾಯ" ಅಂದರು.