ಹದಿಮೂರು ಆವರ್ತನ

ಮಗಳ ಮನೆಗೆಂದು ಅಮೆರಿಕಕ್ಕೆ ಹೋದ ನನ್ನಂಥ ರಿಟೈರ್ಡ್ ಬ್ಯಾಂಕ್ ಗುಮಾಸ್ತನಿಗೆ ಅಲ್ಲಿ ಮೂರೇ ಉದ್ಯೋಗ. ಮೊಮ್ಮಗನನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವುದು. ಡಿಶ್‌ವಾಷರಿಗೆ ಹಾಕುವ ಮೊದಲು ಪಾತ್ರೆಗಳನ್ನೆಲ್ಲ ಕೈಯಲ್ಲೇ ತೊಳೆದು ಮಗಳ ಹತ್ತಿರ ಬೈಸಿಕೊಳ್ಳುವುದು. ಬೆಂಗಳೂರಿನಲ್ಲಿ ಈಗ ಗಂಟೆ ಎಷ್ಟಾಗಿರಬಹುದೆಂದು ಲೆಕ್ಕ ಹಾಕುವುದು. ಏಪ್ರಿಲ್ ಬಂತೆಂದರೆ ಈ ಮೂರನೆಯದು ಜೀವ ಹಿಂಡುತ್ತದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಚಪ್ಪರ ಎದ್ದಿರುತ್ತದೆ, ಕಚೇರಿ ತನಿಗೆ ಬಂದಿರುತ್ತದೆ, ನಾನು ಕೂರುವ ಕುರ್ಚಿಯಲ್ಲಿ ಬೇರೆ ಯಾರೋ ಕೂತು ತಪ್ಪು ತಾಳ ಹಾಕುತ್ತಿರುತ್ತಾರೆ. ನಾನಿಲ್ಲಿ ಸ್ವೆಟರ್ ಹಾಕಿಕೊಂಡು ಕಿಟಕಿಯಲ್ಲಿ ಅಳಿಲು ನೋಡುತ್ತಾ ನಿಂತಿರುತ್ತೇನೆ.

ಪುಣ್ಯಕ್ಕೆ ಮಗಳಿರುವುದು ಕ್ಲೀವ್‌ಲ್ಯಾಂಡಿನಲ್ಲಿ. 1978ರಿಂದ ಆ ಊರಿನಲ್ಲಿ ತ್ಯಾಗರಾಜ ಆರಾಧನೆ ನಡೆಯುತ್ತಿದೆ. ಈಸ್ಟರ್ ಹಬ್ಬದ ಆಸುಪಾಸಿನಲ್ಲಿ, ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಹೊರಗೆ ಹಿಮ ಇನ್ನೂ ಕರಗಿಲ್ಲದಿದ್ದರೂ ಒಳಗೆ ರೇಷ್ಮೆ ಸೀರೆ, ವಿಭೂತಿ, ಸಾಂಬಾರಿನ ವಾಸನೆ. ಪಂಚರತ್ನಕ್ಕೆ ನಾನೂ ಗುಂಪಿನಲ್ಲಿ ಕೂತೆ. ನಾಟದಲ್ಲಿ ದೊಡ್ಡ ಗಂಟಲಲ್ಲಿ ಶುರುಮಾಡಿದವನು ವರಾಳಿಯ ಹೊತ್ತಿಗೆ ಬರೀ ತುಟಿ ಆಡಿಸುತ್ತಿದ್ದೆ. ಪಕ್ಕದಲ್ಲಿ ಅಮೆರಿಕದಲ್ಲೇ ಹುಟ್ಟಿದ ಎಂಟು ವರ್ಷದ ಹುಡುಗಿಯೊಂದು ಪುಸ್ತಕ ನೋಡದೆ ಅಷ್ಟೂ ಚರಣ ಹಾಡಿ ಮುಗಿಸಿ, ನನ್ನನ್ನು ಕರುಣೆಯಿಂದ ನೋಡಿತು.

ಈ ಖುಷಿಯಲ್ಲಿ ತೇಲುತ್ತಿದ್ದಾಗಲೇ ಅಳಿಯ, "ಮಾವ, ಇನ್ನೊಂದು ಆರಾಧನೆ ಇದೆ. ಬಾಖ್‌ದು. ಬರ್ತೀರಾ?" ಅಂದ. ಅಳಿಯನಿಗೆ ಸಂಗೀತದ ಗಂಧವಿಲ್ಲ. ಆದರೆ ಮಾವನವರನ್ನು ಕಾರಿನಲ್ಲಿ ಕೂರಿಸಿ ಎಲ್ಲಿಗಾದರೂ ಕರೆದುಕೊಂಡು ಹೋಗದಿದ್ದರೆ ಕರ್ತವ್ಯಲೋಪವಾಯಿತೆಂದು ನಂಬಿರುವ ಹುಡುಗ.

"ಎಲ್ಲಿ?"

"ಬರೀಯಾದಲ್ಲಿ."

"ಬರೀ ಏನಂತೆ?" ಎಂದಳು ನನ್ನವಳು ಅಡುಗೆಮನೆಯಿಂದ.

ಬರೀಯಾ ಎಂಬುದು ಊರು. ಕ್ಲೀವ್‌ಲ್ಯಾಂಡಿನ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಅಲ್ಲಿನ ಬಾಲ್ಡ್‌ವಿನ್ ವಾಲೇಸ್ ಯೂನಿವರ್ಸಿಟಿಯ ಸಂಗೀತ ಶಾಲೆಯವರು ಜರ್ಮನ್ ಸಂಗೀತಗಾರ ಬಾಖ್‌ನ ಹೆಸರಿನ, 1932ರಲ್ಲಿ ಹುಟ್ಟಿದ ಉತ್ಸವವನ್ನು ವರ್ಷಾವರ್ಷ ನಡೆಸಿಕೊಂಡು ಬಂದಿದ್ದಾರೆ. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಎಂಬ ಊರಿನದು ಇದಕ್ಕಿಂತ ಹಳೆಯದು, 1900ರದ್ದು. ಆದರೆ ಕಾಲೇಜಿನವರು ನಡೆಸುವ ಬಾಖ್ ಉತ್ಸವಗಳಲ್ಲಿ ಅಮೆರಿಕಕ್ಕೆಲ್ಲ ಇದೇ ಹಿರಿಯದು.

ಬಾಲ್ಡ್‌ವಿನ್ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಬೆಂಗಳೂರಿನಲ್ಲಿ ಬೆಳೆದವರಿಗೆ ಆ ಹೆಸರು ಬೇರೆ ಹೇಳಬೇಕೆ? ರಿಚ್ಮಂಡ್ ರಸ್ತೆಯ ಬಾಲ್ಡ್‌ವಿನ್ ಶಾಲೆಯ ಹುಡುಗರು ಬ್ಲೇಜರ್ ಹಾಕಿಕೊಂಡು ಬಸ್ಸು ಹತ್ತಿದರೆ, ಬಸವನಗುಡಿಯ ಕನ್ನಡ ಮೀಡಿಯಮ್ಮಿನ ನಾವು ನಮಗೆ ಗೊತ್ತಿಲ್ಲದೆಯೇ ಜರುಗಿ ಜಾಗ ಕೊಡುತ್ತಿದ್ದೆವು. ಬಾಲ್ಡ್‌ವಿನ್ ಎಂದರೆ ಮೀಸೆ ಹೊತ್ತ ಯಾವನೋ ಬ್ರಿಟಿಷ್ ಲಾರ್ಡ್ ಇರಬೇಕು, ಕಬ್ಬನ್, ಬೌರಿಂಗ್ ಇವರ ಪೈಕಿ ಎಂದೇ ನಾನು ಅರವತ್ತು ವರ್ಷ ನಂಬಿದ್ದೆ. ಅಳಿಯ ಫೋನು ಒತ್ತಿ ನೋಡಿ ಹೇಳಿದ: ಲಾರ್ಡೂ ಅಲ್ಲ, ಬ್ರಿಟಿಷನೂ ಅಲ್ಲ. ಜಾನ್ ಬಾಲ್ಡ್‌ವಿನ್ ಇದೇ ಬರೀಯಾದವನು, ಸಾಣೆಕಲ್ಲಿನ ವ್ಯಾಪಾರಿ.

ಬರೀಯಾದ ನೆಲದಡಿ ಇರುವ ಮರಳುಗಲ್ಲು ಚಾಕು, ಕೊಡಲಿ ಹರಿತ ಮಾಡಲು ಹೇಳಿ ಮಾಡಿಸಿದ್ದು. ಅದನ್ನು ಕಂಡುಕೊಂಡ ಬಾಲ್ಡ್‌ವಿನ್ ಕಲ್ಲುಗಣಿ ತೆಗೆದ, ದುಡ್ಡು ಮಾಡಿದ, ಪಕ್ಕಾ ಮೆಥಡಿಸ್ಟ್ ಭಕ್ತನಾದ್ದರಿಂದ ದುಡ್ಡನ್ನು ಇಟ್ಟುಕೊಳ್ಳಲಿಲ್ಲ. 1845ರಲ್ಲಿ ಊರಿನಲ್ಲಿ ವಿದ್ಯಾಸಂಸ್ಥೆ ಕಟ್ಟಿದ. ಹೆಂಗಸರು, ಕರಿಯರು ಎಂದು ಭೇದ ಮಾಡದೆ ಸೇರಿಸಿಕೊಂಡ. ಮುಂದೆ ಬೆಂಗಳೂರಿನ ಮೆಥಡಿಸ್ಟರು ನಡೆಸುತ್ತಿದ್ದ, 1880ರಲ್ಲಿ ಶುರುವಾದ ಶಾಲೆಗೂ ದುಡ್ಡು ಕೊಟ್ಟ. ಶಾಲೆ ಅವನ ಹೆಸರು ಇಟ್ಟುಕೊಂಡಿತು. ಅಂದರೆ, ನಾವು ಬಸ್ಸಿನಲ್ಲಿ ಜರುಗಿ ಜಾಗ ಕೊಡುತ್ತಿದ್ದುದು ಓಹಾಯೋದ ಸಾಣೆಕಲ್ಲಿಗೆ. ಕಲ್ಲು ತೆಗೆದ ಗುಂಡಿಯಲ್ಲಿ ಈಗ ನೀರು ನಿಂತು ಕೆರೆಯಾಗಿದೆ. ದಡದ ಬೆಂಚಿನ ಮೇಲೆ ಕೂತು ನಾವು ಚಪಾತಿ ಪಲ್ಯ ತಿಂದೆವು. ಬಾತುಕೋಳಿಗಳು ಬಂದು ಚಪಾತಿಗೆ ಕಾದು ನಿಂತವು. ಪಲ್ಯ ಅವಕ್ಕೆ ಬೇಡವಾಗಿತ್ತು.

ಬಾಲ್ಡ್‌ವಿನ್ ಹೆಸರಿನ ಪಕ್ಕದ ವಾಲೇಸ್ ಬಂದದ್ದು ಜರ್ಮನ್ ಮೆಥಡಿಸ್ಟರ ಇನ್ನೊಂದು ಕಾಲೇಜಿನಿಂದ. 1913ರಲ್ಲಿ ಎರಡೂ ಒಂದಾದವು. ಆ ಜರ್ಮನ್ ಕಾಲೇಜಿನ ಅಧ್ಯಕ್ಷನ ಮಗ ಆಲ್ಬರ್ಟ್ ರೀಮನ್‌ಷ್ನೈಡರ್. ಈ ಹೆಸರನ್ನು ನಾನು ಬರೆಯಬಲ್ಲೆ, ಹೇಳು ಎನ್ನಬೇಡಿ. ಆರ್ಗನ್ ವಾದಕ, ಪ್ಯಾರಿಸ್ಸಿಗೆ ಹೋಗಿ ವಿಡೋರ್ ಎಂಬ ಆರ್ಗನ್ ಗುರುವಿನ ಬಳಿ ಕಲಿತು ಬಂದವನು. ಅವನೂ ಹೆಂಡತಿ ಸೆಲ್ಮಾಳೂ ಸೇರಿ ಹುಟ್ಟುಹಾಕಿದ್ದು ಈ ಉತ್ಸವ. ಬಾಖ್‌ನ 371 ಕೋರಾಲೆಗಳನ್ನು, ಎಂದರೆ ಇಗರ್ಜಿಯಲ್ಲಿ ಜನ ಹಾಡುವ ಸರಳ ಸ್ತೋತ್ರಗಳಿಗೆ ಬಾಖ್ ಹಾಕಿಕೊಟ್ಟ ನಾಲ್ಕು ದನಿಯ ಹೊಂದಿಕೆಗಳನ್ನು, ಸಂಪಾದಿಸಿ 1941ರಲ್ಲಿ ಅವನು ತಂದ ಪುಸ್ತಕ ಅಮೆರಿಕದ ಸಂಗೀತ ವಿದ್ಯಾರ್ಥಿಗಳಿಗೆ ನಮ್ಮ ಸರಳೆ ಜಂಟಿ ಇದ್ದ ಹಾಗೆ. ಅದರಲ್ಲಿ ಕಣ್ಣೀರು ಹಾಕದವರಿಲ್ಲವಂತೆ.

ಈ ರೀಮನ್‌ಷ್ನೈಡರ್ ಹುಟ್ಟಿದ್ದು 1878ರಲ್ಲಿ. ಅದೇ 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ತಿರುವೈಯಾರಿನಲ್ಲಿ ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಸಂಪಾದನೆ ಸುರಿದು ಗುಡಿ ಕಟ್ಟಿಸಿದ, ಹೆಂಗಸರು ಅಲ್ಲಿ ಹಾಡಕೂಡದು ಎಂದವರ ಎದುರು ಹೆಂಗಸರನ್ನೇ ಕೂಡಿಸಿ ಹಾಡಿಸಿದ ಪುಣ್ಯಾತಗಿತ್ತಿ. ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿದಿರಲಿಕ್ಕಿಲ್ಲ. ಇವರು ಕಾವೇರಿ ದಂಡೆಯಲ್ಲಿ, ಅವನು ಕಲ್ಲುಗಣಿ ದಂಡೆಯಲ್ಲಿ. ಇಬ್ಬರಿಗೂ ಹಿಡಿದದ್ದು ಒಂದೇ ಜಾತಿಯ ಹುಚ್ಚು. ಜಾತಕ ಬಲ್ಲವರು 1878ರ ಗ್ರಹಗತಿ ನೋಡಬೇಕು.

ನನ್ನವಳಿಗೆ ಈ ಯಾವುದರಲ್ಲೂ ಆಸಕ್ತಿಯಿರಲಿಲ್ಲ. ಅವಳು ಕೇಳಿದ್ದು, "ಈ ಬಾಖ್‌ಗೆ ಮಕ್ಕಳೆಷ್ಟು?"

ಇಪ್ಪತ್ತು, ಎರಡು ಮದುವೆಯಿಂದ. ಉಳಿದು ದೊಡ್ಡವರಾದದ್ದು ಹತ್ತು ಎಂದೆ. "ಅಷ್ಟು ಮಕ್ಕಳನ್ನಿಟ್ಟುಕೊಂಡು ಹಾಡು ಬರೀತಿದ್ದನಾ? ಹಾಗಾದ್ರೆ ಬರೆದಿದ್ದು ಅವನಲ್ಲ, ಬರೆಯೋಕೆ ಬಿಟ್ಟಿದ್ದು ಅವನ ಹೆಂಡತಿ" ಎಂದಳು. ಈ ವಿಚಾರದಲ್ಲಿ ಅವಳು ಸರಿ. ಎರಡನೆಯ ಹೆಂಡತಿ ಅನಾ ಮಗ್ದಲೇನಾ ಸ್ವತಃ ಗಾಯಕಿ. ಗಂಡನ ಸ್ವರಪ್ರತಿಗಳನ್ನು ಕೂತು ನಕಲು ಮಾಡಿದವಳು. ಸಂಸಾರದ ತಾಪತ್ರಯವಂತೂ ಇದ್ದೇ ಇತ್ತು. ಲೈಪ್‌ಜಿಗ್‌ನಿಂದ 1730ರಲ್ಲಿ ಬಾಲ್ಯದ ಗೆಳೆಯನಿಗೆ ಬರೆದ ಕಾಗದದಲ್ಲಿ ಬಾಖ್‌ನ ದೂರು ಇದು: ಊರಿನ ಗಾಳಿ ಒಳ್ಳೆಯದಿದ್ದರೆ ಜನ ಸಾಯುವುದು ಕಮ್ಮಿ, ಶವಸಂಸ್ಕಾರಕ್ಕೆ ಹಾಡಿಸಿ ಬರುವ ದಕ್ಷಿಣೆಗೆ ಕತ್ತರಿ, ಹಿಂದಿನ ವರ್ಷ ಹೀಗೆ ನೂರು ಥಾಲರಿಗೂ ಮೇಲೆ ಖೋತಾ. ಇದನ್ನು ಓದಿದಂದಿನಿಂದ ನನಗೆ ಆ ದೊಡ್ಡ ವಿಗ್ಗಿನ ಕೆಳಗಿನ ಮುಖ ಪರಿಚಯದ್ದೆನಿಸುತ್ತದೆ. ಅಪರಕರ್ಮ ಮಾಡಿಸುವ ನಮ್ಮ ಬೀದಿಯ ಶಾಸ್ತ್ರಿಗಳೊಬ್ಬರು ಇದೇ ಮಾತನ್ನು ಇದೇ ಸಂಕೋಚದಲ್ಲಿ ಹೇಳುತ್ತಿದ್ದರು.

ಮಧ್ಯಾಹ್ನದ ಕಛೇರಿ ಚಿಕ್ಕದು. ನಾಲ್ಕೈದು ವಾದ್ಯ, ನಡುವೆ ಒಂದು ಹಾರ್ಪ್ಸಿಕಾರ್ಡ್. ನೋಡಲು ಪಿಯಾನೊದ ಬಡಕಲು ಅಕ್ಕ. ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಹೊಡೆಯುತ್ತದೆ. ಇದರಲ್ಲಿ ಮನೆ ಒತ್ತಿದರೆ ಒಂದು ಸಣ್ಣ ಕಡ್ಡಿ ಮೇಲೆದ್ದು ತಂತಿಯನ್ನು ಮೀಟಿ ಕೆಳಗಿಳಿಯುತ್ತದೆ. ಹಿಂದೆ ಅದಕ್ಕೆ ಹಕ್ಕಿ ಗರಿಯ ದಂಟನ್ನು ಹಾಕುತ್ತಿದ್ದರಂತೆ. ಹಾಗಾಗಿ ದನಿ ವೀಣೆಯ ದೂರದ ನೆಂಟನಂತೆ ಕಿಣಿಕಿಣಿ. ನುಡಿಸುವವಳ ಮುಂದಿದ್ದ ಕಾಗದವನ್ನು ವಿರಾಮದಲ್ಲಿ ವೇದಿಕೆಯ ಅಂಚಿಗೆ ಹೋಗಿ ಇಣುಕಿದೆ. ಎಡಗೈಯ ಸ್ವರಗಳು ಮಾತ್ರ ಬರೆದಿವೆ. ಅವುಗಳ ಜೊತೆಗೆ 6, 7, 4 ಎಂದು ಅಂಕಿ, ಕಿರಾಣಿ ಅಂಗಡಿಯ ಚೀಟಿಯ ಹಾಗೆ. ಆ ಅಂಕಿ ನೋಡಿಕೊಂಡು ಬಲಗೈ ಏನು ನುಡಿಸಬೇಕೆಂಬುದು ಅವಳ ವಿವೇಕ. ಬರೋಕ್ ಕಾಲದ, ಎಂದರೆ ಬಾಖ್‌ನ ಕಾಲದ, ಸಂಗೀತಕ್ಕೆಲ್ಲ ಇದೇ ತಳಪಾಯ. ಪಾಶ್ಚಾತ್ಯರು ಎಲ್ಲವನ್ನೂ ಬರೆದಿಟ್ಟುಕೊಂಡು ಓದುತ್ತಾರೆ, ಮನೋಧರ್ಮವೆಲ್ಲ ನಮ್ಮದೇ ಎಂದು ನಾನು ಎಷ್ಟು ಕಟ್ಟೆಗಳ ಮೇಲೆ ಕೂತು ಭಾಷಣ ಬಿಗಿದಿದ್ದೆನೋ, ಆ ಕಟ್ಟೆಗಳಿಗೆಲ್ಲ ಈಗ ಹೋಗಿ ತಪ್ಪೊಪ್ಪಿಕೊಳ್ಳಬೇಕು.

ಅಷ್ಟರಲ್ಲಿ ಒಬ್ಬಾತ ಕೀಲಿ ಹಿಡಿದು ಬಂದು ಹಾರ್ಪ್ಸಿಕಾರ್ಡಿನ ಶ್ರುತಿ ಮಾಡಲು ಬಗ್ಗಿದ. ಜನ ಕಾಫಿಗೆ ಎದ್ದು ಹೋದರು. ನಾನು ಹೋಗಲಿಲ್ಲ. ಒಂದು ತಂತಿ ಮೀಟುತ್ತಾನೆ, ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ, ತಲೆ ವಾರೆ ಮಾಡಿ ಕೇಳುತ್ತಾನೆ, ಒಪ್ಪುವುದಿಲ್ಲ. ಮತ್ತೆ ಮೀಟುತ್ತಾನೆ. ತಂಬೂರಿಗೆ ನಾಲ್ಕು ತಂತಿ, ಅದಕ್ಕೇ ನಮ್ಮವರು ಹತ್ತು ನಿಮಿಷ ಕೂರುತ್ತಾರೆ; ಇವನಿಗೆ ನೂರಕ್ಕೂ ಮೇಲೆ. ಸೆಖೆಯಾದರೂ ಚಳಿಯಾದರೂ ಶ್ರುತಿ ತಪ್ಪುವ ಮುನಿಸಿನ ವಾದ್ಯ ಅದು. ಕೊನೆಗೊಂದು ಐದನೆಯ ಸ್ವರ ಷಡ್ಜದೊಡನೆ ಕೂಡಿಕೊಂಡಾಗ ನನ್ನ ಬಾಯಿಂದ "ಆಹಾ" ಬಂತು. ಆತ ತಿರುಗಿ ನೋಡಿದ. ಅವನ ಕೆಲಸಕ್ಕೆ ಈವರೆಗೆ ಯಾರೂ ಆಹಾ ಎಂದಿರಲಿಲ್ಲವೆಂದು ಕಾಣುತ್ತದೆ, ಕಿವಿ ಕೆಂಪಾಯಿತು.

ಸಂಜೆಯದೇ ಮುಖ್ಯ. ಬಾಖ್‌ನ ನಾಲ್ಕು ಮಹಾಕೃತಿಗಳನ್ನು, ಎಂದರೆ ಮತ್ತಾಯನ ಪ್ಯಾಷನ್, ಯೋಹಾನನ ಪ್ಯಾಷನ್, ಬಿ ಮೈನರ್ ಮಾಸ್, ಕ್ರಿಸ್‌ಮಸ್ ಓರಟೋರಿಯೊ, ಇಲ್ಲಿ ವರ್ಷಕ್ಕೊಂದರಂತೆ ಸರದಿಯಲ್ಲಿ ಹಾಡುತ್ತಾರೆ. ಪದವಿಗೆ ನಾಲ್ಕು ವರ್ಷ, ಕೃತಿಗಳೂ ನಾಲ್ಕು. ಸೇರಿದ ವಿದ್ಯಾರ್ಥಿ ಹೊರಗೆ ಹೋಗುವಷ್ಟರಲ್ಲಿ ನಾಲ್ಕನ್ನೂ ಹಾಡಿರುತ್ತಾನೆ. ಫೇಲಾದವನಿಗೆ ಒಂದು ಹೆಚ್ಚಿಗೆ ಲಾಭ. ನಮ್ಮ ಪಾಲಿಗೆ ಬಂದದ್ದು ಬಿ ಮೈನರ್ ಮಾಸ್. ಬಾಖ್ ಅದನ್ನು ಜೋಡಿಸಿ ಮುಗಿಸಿದ್ದು 1749ರ ಹೊತ್ತಿಗೆ. ಮರುವರ್ಷ ತೀರಿಕೊಂಡ, ಇಡಿಯಾಗಿ ಒಮ್ಮೆಯೂ ಕೇಳಲಿಲ್ಲ.

ಕಛೇರಿಗೆ ಮುಂಚೆ ಮಾರ್ಟಿಂಗ್ ಹಾಲ್ ಎಂಬ ಹಳೆಯ ಕಟ್ಟಡದ ಗೋಪುರದಿಂದ ಹಿತ್ತಾಳೆ ವಾದ್ಯಗಳಲ್ಲಿ ಕೋರಾಲೆ ನುಡಿಸುವುದು ವಾಡಿಕೆ. ಜರ್ಮನಿಯ ಊರುಗಳಲ್ಲಿ ಹಿಂದೆ ಗೋಪುರದ ವಾದ್ಯಗಾರರು ಹೀಗೇ ನುಡಿಸುತ್ತಿದ್ದರು. ಅಳಿಯ ಪಾರ್ಕಿಂಗ್ ಹುಡುಕುತ್ತಿದ್ದ. ನಾವಿಬ್ಬರೂ ಹುಲ್ಲಿನ ಮೇಲೆ ಕತ್ತೆತ್ತಿ ನಿಂತೆವು. ಮೇಲೆ ವಿದ್ಯಾರ್ಥಿಗಳ ಕೆನ್ನೆ ಉಬ್ಬಿದ್ದು ಕಾಣುತ್ತಿತ್ತು. ನಡುವೆ ವಿಮಾನವೊಂದು ತಗ್ಗಿನಲ್ಲೇ ಹಾದು ಒಂದು ಸಾಲನ್ನು ಪೂರ್ತಿ ನುಂಗಿಹಾಕಿತು. ಹುಡುಗರು ನಿಲ್ಲಿಸಲಿಲ್ಲ, ವಿಮಾನ ಹೋದ ಮೇಲೆ ಹಾಡು ಎಲ್ಲಿರಬೇಕಿತ್ತೋ ಅಲ್ಲೇ ಇತ್ತು.

ಒಳಗೆ ನಾನು ಮಾಡಿದ ಮೊದಲ ತಪ್ಪು ತಾಳ. ಕೈ ತಾನಾಗಿ ತೊಡೆ ತಟ್ಟಿತು. ಪಕ್ಕದ ಅಜ್ಜಿ ನನ್ನ ಅಂಗೈಯನ್ನು ನೋಡಿದರು, ನೊಣ ಕೂತಿದೆಯೇನೋ ಎಂಬಂತೆ. ಬೆರಳಿಗಿಳಿಸಿದೆ. ಎರಡನೆಯದು, ಒಂದು ಭಾಗ ಮುಗಿದಾಗ ಚಪ್ಪಾಳೆಗೆ ಎತ್ತಿದ ಕೈಯನ್ನು ಹೆಂಡತಿ ಹಿಡಿದು ಕೆಳಗಿಟ್ಟಳು. ಇಲ್ಲಿ ನಡುವೆ ಚಪ್ಪಾಳೆಯಿಲ್ಲ. ಅದರ ಬದಲು ಕೆಮ್ಮು. ಅಷ್ಟು ಹೊತ್ತು ಉಸಿರು ಬಿಗಿಹಿಡಿದ ಸಭೆ ಭಾಗ ಮುಗಿದ ತಕ್ಷಣ ಒಟ್ಟಿಗೆ ಕೆಮ್ಮುತ್ತದೆ, ಶಿಸ್ತಾಗಿ, ಮಂದ್ರದಿಂದ ತಾರದವರೆಗೆ. ಸಂಚಾಲಕ ಕೈ ಎತ್ತಿದರೆ ಕೆಮ್ಮು ಮಾಯ. ನಮ್ಮ ಚಪ್ಪರದಲ್ಲಿ ಪಲ್ಲವಿಯ ನಡುವೆ ಮೊಬೈಲಿನಲ್ಲಿ ಟ್ಯಾಂಕರ್ ನೀರಿನ ವ್ಯವಹಾರ ಮುಗಿಸುವವರನ್ನು ನೆನೆದು ಸ್ವಲ್ಪ ಹೊಟ್ಟೆಯುರಿಯಿತು.

ಫ್ಯೂಗ್ ಎಂಬುದು ಮೊದಮೊದಲು ಗದ್ದಲವೆನಿಸಿತು. ಆಮೇಲೆ ಜಾಡು ಸಿಕ್ಕಿತು. ಮದುವೆಮನೆಯಲ್ಲಿ ದೊಡ್ಡಮ್ಮ "ಬೀಗರು ಕಾಫಿ ಸರಿಯಾಗಿ ಕೊಡಲಿಲ್ಲ" ಎಂದು ಶುರುಮಾಡುತ್ತಾಳೆ. ಅವಳು ಮಾತು ಮುಂದುವರಿಸುತ್ತಿರುವಾಗಲೇ ಚಿಕ್ಕಮ್ಮ ಅದೇ ವಾಕ್ಯವನ್ನು ಇನ್ನೊಂದು ಸ್ಥಾಯಿಯಲ್ಲಿ ಎತ್ತಿಕೊಳ್ಳುತ್ತಾಳೆ. ಆಮೇಲೆ ಸೋದರತ್ತೆ, ಕೊನೆಗೆ ಗೊಗ್ಗರು ದನಿಯ ದೊಡ್ಡಪ್ಪ. ಯಾರೂ ಯಾರಿಗೂ ದಾರಿ ಬಿಡುವುದಿಲ್ಲ, ಆದರೂ ಎಲ್ಲರದ್ದೂ ಕಾಫಿಯ ವಿಷಯವೇ. ವ್ಯತ್ಯಾಸವೆಂದರೆ ಬಾಖ್‌ನ ಮನೆಯಲ್ಲಿ ಜಗಳ ಒಂದೇ ಸ್ವರದ ಮೇಲೆ ಬಂದು ಮುಗಿಯುತ್ತದೆ.

ಏಸು ಶಿಲುಬೆಗೇರುವ ಭಾಗ ಬಂತು. ತಳದ ತಂತಿಗಳು ಒಂದೊಂದೇ ಮೆಟ್ಟಿಲು ಇಳಿಯುವ ಹಾಗೆ, ಅರ್ಧರ್ಧ ಸ್ವರವಾಗಿ ಇಳಿದವು. ಮುಗಿದದ್ದೇ ಮತ್ತೆ ಮೇಲಿಂದ ಅದೇ ಇಳಿತ. ಮೂರರ ಎಣಿಕೆ ನಾಲ್ಕು ಸಲ, ಹನ್ನೆರಡಕ್ಕೆ ಒಂದು ಆವರ್ತನ. ಮೇಲೆ ಹಾಡುಗಾರರು ಒಬ್ಬೊಬ್ಬರಾಗಿ ಒಂದೊಂದು ನರಳಿಕೆ ಇಟ್ಟು ಸುಮ್ಮನಾಗುತ್ತಿದ್ದರು. ತಳ ಮಾತ್ರ ಬದಲಾಗಲೊಲ್ಲದು. ನಾನು ಬೆರಳಿನ ಗೆಣ್ಣುಗಳ ಮೇಲೆ ಎಣಿಸಲು ಹಿಡಿದೆ. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರನೆಯದಕ್ಕೆ ಮೇಲಿನ ತಂತಿಗಳೂ ಕೊಳಲುಗಳೂ ನಿಂತೇಹೋದವು. ಬರೀ ಗಂಟಲುಗಳು, ತಗ್ಗಿನಲ್ಲಿ, ನೆಲಕ್ಕೆ ಏನನ್ನೋ ಇಳಿಸಿ ಮಣ್ಣು ಮುಚ್ಚುವವರಂತೆ. ಅಲ್ಲಿ ಕೊನೆಯ ಗಳಿಗೆಯಲ್ಲಿ ತಳ ತನ್ನ ದಾರಿ ಬಿಟ್ಟು ಬೇರೆ ಕಡೆ ತಿರುಗಿ ಬೆಳಕಿನ ಸ್ವರವೊಂದರಲ್ಲಿ ಕೂತಿತು.

ಯಾರೂ ಕೆಮ್ಮಲಿಲ್ಲ. ಪಕ್ಕದ ಅಜ್ಜಿಯ ಕಡೆ ನೋಡಿದೆ. ಅವರ ಬಲಗೈ ಬೆರಳುಗಳೂ ಮಡಚಿಕೊಂಡಿದ್ದವು, ಕಿರುಬೆರಳಿನಿಂದ ಶುರುವಾಗಿ. ಅಷ್ಟರಲ್ಲಿ ಪುನರುತ್ಥಾನದ ಕಹಳೆ ಒಡೆದು ಇಬ್ಬರೂ ಕುರ್ಚಿಯಲ್ಲಿ ಒಂದಿಂಚು ಹಾರಿದೆವು.

ಬೆಂಗಳೂರಿಗೆ ಮರಳಿ ತಿಂಗಳಾಗಿತ್ತು. ಯಾವುದೋ ಕೆಲಸಕ್ಕೆ ಆಟೋದಲ್ಲಿ ರಿಚ್ಮಂಡ್ ರಸ್ತೆಗೆ ಹೋಗುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಶಾಲೆಯ ಬೋರ್ಡು ಕಂಡಿತು. ತಡೆಯಲಾಗಲಿಲ್ಲ. "ಏನಪ್ಪಾ, ಈ ಬಾಲ್ಡ್‌ವಿನ್ ಅಂದ್ರೆ ಯಾರು ಗೊತ್ತಾ?" ಎಂದು ಡ್ರೈವರನನ್ನು ಕೇಳಿ, ಸಾಣೆಕಲ್ಲಿನಿಂದ ಹಿಡಿದು ಹದಿಮೂರನೆಯ ಆವರ್ತನದವರೆಗೆ ಹೇಳಲು ಗಂಟಲು ಸರಿಮಾಡಿಕೊಂಡೆ.

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, "ಗೊತ್ತಿಲ್ಲ ಸಾರ್. ಸಿಗ್ನಲ್ ಬಿಡ್ತು, ರೈಟಾ ಲೆಫ್ಟಾ ಬೇಗ ಹೇಳಿ" ಎಂದ.