ಮೇಜಿನ ಮೇಲಿನ ಕಸದ ಬುಟ್ಟಿ

ಕಸದ ಬುಟ್ಟಿಯನ್ನು ಮೇಜಿನ ಮೇಲೆ, ಅದೂ ಎಡತುದಿಯಲ್ಲಿ, ಬಂದವರ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಬೀಳುವಂತೆ ಇರಿಸಿಕೊಂಡ ಅಧಿಕಾರಿಯನ್ನು ತಮ್ಮ ಸೇವಾವಧಿಯಲ್ಲಿ ತಾವು ಒಬ್ಬನನ್ನೂ ಕಂಡುದಿಲ್ಲವೆಂದು ನಮ್ಮ ಭಾವನವರು ಗಣಕಯಂತ್ರವನ್ನು ಕುರಿತ ತಮ್ಮ ಪ್ರಥಮ ಆಕ್ಷೇಪಣೆಯನ್ನು ದಾಖಲು ಮಾಡಿದರು. ನಾನು ಆ ಯಂತ್ರದ ಪರವಾಗಿ ಉತ್ತರ ಕೊಡಬೇಕಾದ ಸ್ಥಾನದಲ್ಲಿದ್ದೆ, ಉತ್ತರವಿರಲಿಲ್ಲ.

ಭಾವನವರು ಹಳೆಯ ಮೈಸೂರು ಸೀಮೆಯ ತಾಲ್ಲೂಕು ಕಚೇರಿಯೊಂದರಲ್ಲಿ ಶಿರಸ್ತೇದಾರರಾಗಿದ್ದವರು. ರುಮಾಲುಗಳಲ್ಲಿ ಕಟ್ಟಿಟ್ಟ ದಫ್ತರಗಳ ನಡುವೆ ಆಯುಷ್ಯದ ಬಹುಭಾಗವನ್ನು ಸವೆಸಿ, ಯಾವ ಗ್ರಾಮದ ಯಾವ ಕಾಗದ ಯಾವ ಕಟ್ಟಿನಲ್ಲಿದೆಯೆಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲವರಾಗಿದ್ದು, ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಗೆ ಮಾನ್ಯತೆ ತಪ್ಪುವ ಹೊತ್ತಿಗೆ ಸರಿಯಾಗಿ ನಿವೃತ್ತರಾದ ಪುಣ್ಯವಂತರು. ಬೆಂಗಳೂರಿನಲ್ಲಿರುವ ಮಗ ತಾನು ಹೊಸ ಕಂಪ್ಯೂಟರನ್ನು ಕೊಂಡು, ಹಳೆಯದನ್ನು ಪಿತೃಭಕ್ತಿಯಿಂದ ತಂದೆಗೆ ಅರ್ಪಿಸಿ, ಅದನ್ನು ಕಲಿಸುವ ಭಾರವನ್ನು ಸಮೀಪದಲ್ಲಿದ್ದೇನೆಂಬ ಒಂದೇ ಕಾರಣಕ್ಕೆ ನನ್ನ ಮೇಲೆ ಹೊರಿಸಿ ಹೊರಟುಹೋದ.

ಮೊದಲು ಮೌಸು. 1964ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಅವನ ಸಹೋದ್ಯೋಗಿ ಬಿಲ್ ಇಂಗ್ಲಿಷ್ ನಿರ್ಮಿಸಿಕೊಟ್ಟ ಮೊದಲನೆಯ ಮೌಸು ಮರದ್ದಾಗಿತ್ತು. ಅದರ ಅಡಿಯಲ್ಲಿ ಒಂದು ಅಡ್ಡಕ್ಕೂ ಒಂದು ಉದ್ದಕ್ಕೂ ಉರುಳುವ ಎರಡು ಗಾಲಿಗಳಿದ್ದುವು. ಅಂದಿನಿಂದ ಇಂದಿನವರೆಗೆ ಸಾಮಾನ್ಯ ಮೌಸಿಗೆ ತಾನು ಎಲ್ಲಿದ್ದೇನೆಂಬ ಜ್ಞಾನವಿಲ್ಲ. ಎಷ್ಟು ಸರಿದೆ, ಯಾವ ಕಡೆಗೆ ಸರಿದೆ ಎಂಬಷ್ಟನ್ನೇ ಅದು ಅರುಹುತ್ತದೆ. ಈ ತತ್ತ್ವವನ್ನರಿಯದ ಭಾವನವರು ಬಲಕ್ಕೆ ಸರಿಸುತ್ತ ಸರಿಸುತ್ತ ಮೇಜಿನ ಅಂಚನ್ನು ಮುಟ್ಟಿದರು. ಪರದೆಯ ಮೇಲಿನ ಬಾಣವಾದರೋ ಇನ್ನೂ ನಡುದಾರಿಯಲ್ಲಿತ್ತು.

“ಈ ಮೇಜು ಸಾಲದಯ್ಯಾ. ಬಡಗಿಗೆ ಹೇಳಿ ಕಳಿಸು” ಎಂದರು.

“ಮೌಸನ್ನು ಮೇಲಕ್ಕೆತ್ತಿ ಹಿಂದಕ್ಕಿಟ್ಟು ಮತ್ತೆ ಎಳೆಯಿರಿ ಭಾವ, ಎತ್ತಿದಾಗ ಬಾಣ ಇದ್ದಲ್ಲೇ ಇರುತ್ತದೆ.”

ಎತ್ತಿದರು, ಇಟ್ಟರು, ಎಳೆದರು, ಮುಖವರಳಿತು. “ಸರ್ವೆ ಸರಪಳಿ ಕಣಯ್ಯಾ ಇದು! ಎತ್ತಿ ಮುಂದಿನ ಗೂಟಕ್ಕೆ ಹಿಡಿಯುವುದು. ಹೀಗೆಂದು ಮೊದಲೇ ಹೇಳಬಾರದಿತ್ತೆ?”

ನಿಜವಾದ ವಿಪತ್ತು ಬಂದುದು ಡಬಲ್ ಕ್ಲಿಕ್ಕಿನಲ್ಲಿ. ಎರಡು ಒತ್ತುಗಳ ನಡುವೆ ವಿಂಡೋಸ್ ತಾನಾಗಿ ಕೊಡುವ ಅವಕಾಶ 500 ಮಿಲಿಸೆಕೆಂಡು, ಎಂದರೆ ಅರ್ಧ ಸೆಕೆಂಡು. ಒಂದು ಕಡತವು ಪಕ್ಕದ ಮೇಜಿಗೆ ದಾಟುವುದಕ್ಕೆ ಹದಿನೈದು ದಿವಸ ಹಿಡಿಯುವುದೇ ಗೌರವಸ್ಥ ನಡವಳಿಕೆಯೆನಿಸಿಕೊಂಡಿದ್ದ ಲೋಕದಿಂದ ಬಂದವರಿಗೆ ಈ ಅವಧಿ ಅವಮಾನಕರವಾಗಿ ತೋರಿದುದರಲ್ಲಿ ಆಶ್ಚರ್ಯವೇನು? ಅವರು ಒಮ್ಮೆ ಒತ್ತಿ, ಫಲವನ್ನು ಪರಾಮರ್ಶಿಸಿ, ಅನಂತರ ಎರಡನೆಯ ಸಲ ಒತ್ತುವರು. ಹೆಸರಿನ ಮೇಲೆ ಹೀಗೆ ನಿಧಾನವಾಗಿ ಎರಡು ಸಲ ಒತ್ತಿದರೆ ಯಂತ್ರವು ಫೋಲ್ಡರನ್ನು ತೆರೆಯುವ ಬದಲು ಅದಕ್ಕೆ ಹೊಸ ಹೆಸರನ್ನು ಕೇಳುತ್ತದೆ. ಕೇಳಿದವರಿಗೆ ಇಲ್ಲವೆನ್ನುವ ಸ್ವಭಾವ ಭಾವನವರದಲ್ಲ. ಆ ದಿನ ಒಂದೇ ಫೋಲ್ಡರಿಗೆ ಹಲವು ಬಾರಿ ನಾಮಕರಣವಾಯಿತು. ಕೊನೆಗೆ ಸೆಟ್ಟಿಂಗಿನೊಳಕ್ಕೆ ಹೋಗಿ ಆ ವೇಗವನ್ನು ಕಂದಾಯ ಇಲಾಖೆಗೆ ಒಪ್ಪುವ ಮಟ್ಟಕ್ಕೆ ಇಳಿಸಿಕೊಟ್ಟೆ.

ಎಳೆದು ಬಿಡುವ ವಿದ್ಯೆಗೆ ಗುರುವಾದುದು ಇಸ್ಪೀಟಾಟ. 1990ರ ವಿಂಡೋಸ್ 3.0ರಲ್ಲಿ ಸಾಲಿಟೇರನ್ನು ಸೇರಿಸಿದುದರ ಉದ್ದೇಶಗಳಲ್ಲಿ ಜನರ ಕೈಗೆ ಈ ಅಭ್ಯಾಸ ಹಿಡಿಸುವುದೂ ಒಂದೆಂದು ಬಲ್ಲವರು ಹೇಳುತ್ತಾರೆ. ಈ ವಿಷಯವನ್ನು ಅರಿತ ಮೇಲೆ ಭಾವನವರ ‘ಅಭ್ಯಾಸ’ ಮಧ್ಯಾಹ್ನದ ಊಟವಾದಾಗಿನಿಂದ ದೀಪ ಹಚ್ಚುವ ಪರ್ಯಂತ ನಿರ್ವಿಘ್ನವಾಗಿ ಸಾಗತೊಡಗಿತು.

ಈ ಪರದೆಯ ಮೇಜು ವಾಸ್ತವವಾಗಿ ಕಾಗದದ ಕಾಲದ ಕಚೇರಿಯ ಪ್ರತಿಕೃತಿ. ಝೆರಾಕ್ಸ್ ಕಂಪನಿಯವರು ಕ್ಯಾಲಿಫೋರ್ನಿಯದಲ್ಲಿ ರೂಪಿಸಿ 1981ರಲ್ಲಿ ಮಾರಾಟಕ್ಕಿಟ್ಟ ‘ಸ್ಟಾರ್’ ಎಂಬ ಯಂತ್ರದ ಪರದೆಯಲ್ಲಿ ಕಾಗದಗಳೂ ಫೋಲ್ಡರುಗಳೂ ಬೀರುವಿನ ಖಾನೆಗಳೂ, ಬಂದ ಟಪಾಲಿಗೊಂದು ಹೋಗುವ ಟಪಾಲಿಗೊಂದು ತಟ್ಟೆಯೂ ಚಿತ್ರರೂಪದಲ್ಲಿದ್ದುವು. ಬೆಲೆ ಮಾತ್ರ 16,000 ಡಾಲರಿಗೂ ಮೇಲೆ. ಎರಡು ವರ್ಷಗಳ ತರುವಾಯ ಬಂದ ಆ್ಯಪಲ್ಲಿನವರ ‘ಲೀಸಾ’ದಲ್ಲಿ ಕಸದ ಬುಟ್ಟಿಯೂ ಮೇಜನ್ನೇರಿತು. ಇದನ್ನೆಲ್ಲ ನಾನು ಸಾಂಗವಾಗಿ ವಿವರಿಸಿದ ಮೇಲೆ ಭಾವನವರು ಧ್ವನಿಯನ್ನೇ ಬದಲಾಯಿಸಿದರು. ಅದುವರೆಗೆ ವಿದ್ಯಾರ್ಥಿಯಾಗಿದ್ದವರು ಆ ಕ್ಷಣದಿಂದ ತನಿಖಾಧಿಕಾರಿಯಾದರು. ಇನ್ನೊಬ್ಬರ ಕಚೇರಿಯಲ್ಲಿ ಮಾತ್ರ ನಾವು ಕಲಿಯಬೇಕು, ನಮ್ಮದೇ ಕಚೇರಿಯ ನಕಲನ್ನು ನಾವು ತಪಾಸಣೆ ಮಾಡಬೇಕಲ್ಲವೆ?

ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು ಎಂಬ ವ್ಯವಸ್ಥೆ ತಪಾಸಣೆಯಲ್ಲಿ ತೇರ್ಗಡೆಯಾಯಿತು. ಹೋಬಳಿಯೊಳಗೆ ಗ್ರಾಮ, ಗ್ರಾಮದೊಳಗೆ ಸರ್ವೆ ನಂಬರು ಎಂಬುದನ್ನು ಬಲ್ಲವರಿಗೆ ಅದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ನಕಲು ವಿಭಾಗ ಸಿಕ್ಕಿಬಿದ್ದಿತು. ಕತ್ತರಿಸಿ ಅಂಟಿಸುವ ಕ್ರಮವನ್ನು 1970ರ ದಶಕದಲ್ಲಿ ಲ್ಯಾರಿ ಟೆಸ್ಲರ್ ತನ್ನ ಜೊತೆಗಾರ ಟಿಮ್ ಮಾಟ್‌ನೊಡನೆ ಅದೇ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಸುಗಮಗೊಳಿಸಿದನೆಂದು ಹೇಳಿ, ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒತ್ತಿಸಿದೆ. ಪರದೆಯಲ್ಲಿ ಏನೂ ಕದಲಲಿಲ್ಲ.

“ನಕಲು ಆಯಿತೇನು?”

“ಆಯಿತು ಭಾವ.”

“ಎಲ್ಲಿದೆ? ರಶೀದಿ ಎಲ್ಲಿ?”

ಕಾಣದ ಸ್ಥಳದಲ್ಲಿದೆಯೆಂದೂ, ಇನ್ನೊಂದನ್ನು ನಕಲು ಮಾಡಿದೊಡನೆ ಇದು ಹೇಳದೆ ಕೇಳದೆ ಮಾಯವಾಗುತ್ತದೆಂದೂ ತಿಳಿಸಿದೆ. ಅವರು ನನ್ನನ್ನು ನೋಡಿದ ನೋಟವನ್ನು ಹಿಂದೆ ಎಷ್ಟು ಗುಮಾಸ್ತರು ಅನುಭವಿಸಿದ್ದರೋ! ಕಂಟ್ರೋಲ್ ಝಡ್ಡಂತೂ ಅವರ ದೃಷ್ಟಿಯಲ್ಲಿ ಶುದ್ಧ ಅಪರಾಧ. ಚಿತ್ತು ಹೊಡೆದರೆ ಪಕ್ಕದಲ್ಲಿ ರುಜು ಹಾಕಬೇಕೆಂಬುದು ಆಡಳಿತದ ಮೂಲಮಂತ್ರವಾಗಿರುವಾಗ, ಬರೆದುದೇ ಇಲ್ಲವೆಂಬಂತೆ ಮಾಡಿಬಿಡುವ ಕೀಲಿಯನ್ನು ಸಾರ್ವಜನಿಕರ ಕೈಗೆ ಕೊಟ್ಟವರು ಯಾರು?

ಇಷ್ಟಾದರೂ ಆ ಕಸದ ಬುಟ್ಟಿಯೇ ಕಾಲಕ್ರಮದಲ್ಲಿ ಅವರ ವಿಶ್ವಾಸವನ್ನು ಸಂಪಾದಿಸಿತು. ಅದರೊಳಗೆ ಹಾಕಿದುದು ಒಡನೆ ನಾಶವಾಗದೆ, ಬೇಕೆಂದಾಗ ಹಿಂದಿನ ಸ್ಥಾನಕ್ಕೇ ಮರಳುತ್ತದೆಂಬುದನ್ನು ಕಂಡು ಸಂತುಷ್ಟರಾದರು. ಬರಿದುಮಾಡಹೊರಟರೆ ಶಾಶ್ವತವಾಗಿ ಅಳಿಸಲೇ ಎಂದು ಯಂತ್ರ ಪ್ರಶ್ನಿಸುವುದನ್ನು ಕಂಡು, “ಇಲ್ಲೊಬ್ಬನಿಗಾದರೂ ನಿಯಮ ಗೊತ್ತು” ಎಂದರು. ಬರಿದು ಮಾಡಿದ ಮೇಲೂ ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಮೂಲವು ಅಳಿಯುವುದಿಲ್ಲ, ಆ ಜಾಗ ಖಾಲಿಯಿದೆಯೆಂದು ಸೂಚಿಯಲ್ಲಿ ನಮೂದಾಗುತ್ತದಷ್ಟೆ, ಅದರ ಮೇಲೆ ಬೇರೊಂದನ್ನು ಬರೆಯುವ ತನಕ ಹಳೆಯದು ಅಲ್ಲಿಯೇ ಬಿದ್ದಿರುತ್ತದೆಂದು ನಾನು ಹೇಳಿದಾಗಲಂತೂ ಅವರ ಕಣ್ಣುಗಳು ತೇವವಾದುವು. ರಿಜಿಸ್ಟರಿನಲ್ಲಿ ವಜಾ, ಕಪಾಟಿನಲ್ಲಿ ಹಾಜರು! ತಮ್ಮ ರೆಕಾರ್ಡು ರೂಮೂ ಹೀಗೆಯೇ ಇತ್ತಂತೆ.

ಈಗ ಆ ಮನೆಯ ಕಂಪ್ಯೂಟರು ಮಾದರಿ ಕಚೇರಿ. ಬಂದ ಪ್ರತಿಯೊಂದು ಚಿತ್ರಕ್ಕೂ ಇನ್‌ವರ್ಡ್ ನಂಬರುಂಟು, ವರ್ಷವುಂಟು, ವಿಷಯಾನುಕ್ರಮದ ಫೋಲ್ಡರುಂಟು. ‘ಬಾಕಿ’ ಮತ್ತು ‘ವಿಲೇವಾರಿ’ ಎಂಬೆರಡು ಫೋಲ್ಡರುಗಳು ಎಲ್ಲಕ್ಕೂ ಮೇಲೆ. ಮೊನ್ನೆ ನಮ್ಮ ಅಕ್ಕ ಮೊಮ್ಮಗಳ ನಾಮಕರಣದ ಫೋಟೋವನ್ನು ನೆರೆಯವರಿಗೆ ತೋರಿಸಬೇಕೆಂದು ಬಂದು ನಿಂತಳು.

“ಇಸವಿ, ತಾರೀಖು ನಮೂದಿಸಿ ಒಂದು ಅರ್ಜಿ ಕೊಡು, ಹುಡುಕಿಸೋಣ” ಎಂದರು ಭಾವನವರು, ಇಸ್ಪೀಟಿನ ಎಲೆಯೊಂದನ್ನು ಎಳೆಯುತ್ತ.

“ಕೊಡುತ್ತೇನೆ ರೀ. ನಾಲ್ಕು ಗಂಟೆಯ ಕಾಫಿಗೆ ನಿಮ್ಮ ಅರ್ಜಿಯೂ ಬರಲಿ, ಎರಡನ್ನೂ ಒಟ್ಟಿಗೆ ನೋಡೋಣ.”

ಪ್ರಕರಣವನ್ನು ತುರ್ತೆಂದು ಪರಿಗಣಿಸಿ, ಮೌಖಿಕ ಕೋರಿಕೆಯ ಮೇರೆಗೇ, ಭಾವನವರು ಫೋಲ್ಡರನ್ನು ತೆರೆದರು.